ಸ್ಪ್ಯಾನಿಷ್ ಅಜ್ಜಿ, ಇಂಗ್ಲಿಷ್ ಮೊಮ್ಮಗಳು

ಅಮೆರಿಕದ ಟಿವಿ ಧಾರಾವಾಹಿಗಳಿಗೆ ಹಳೆಯದೊಂದು ಚಾಳಿ. ಮೆಕ್ಸಿಕೋದಿಂದಲೋ ಕ್ಯೂಬಾದಿಂದಲೋ ಬಂದ ಪಾತ್ರ ಪೂರಾ ಮಾತನ್ನು ಸಲೀಸಾಗಿ ಇಂಗ್ಲಿಷಿನಲ್ಲಿ ಆಡುತ್ತದೆ. ಕೊನೆಗೊಂದು ಸ್ಪ್ಯಾನಿಷ್ ಪದ: 'ಅಮೀಗೊ' (ಗೆಳೆಯ), ಇಲ್ಲವೇ 'ಗ್ರಾಸಿಯಾಸ್' (ಥ್ಯಾಂಕ್ಸ್). ಇದು ತಲೆಕೆಳಗು, ಅಲ್ವಾ? ಪರದೇಶಕ್ಕೆ ಬಂದವರ ನಾಲಿಗೆಗೆ ಮೊದಲು ಹತ್ತುವುದೇ ಥ್ಯಾಂಕ್ಸ್, ಸಾರಿ. ಕಷ್ಟದ ಮಾತಿಗೆ ಮನೆಭಾಷೆಯೇ ಬೇಕು. ಆ 'ಅಮೀಗೊ' ಇರುವುದು ಎದುರಿಗಿರುವ ಪಾತ್ರಕ್ಕಲ್ಲ, ಇಂಗ್ಲಿಷ್ ಮಾತ್ರ ಬಲ್ಲ ಪ್ರೇಕ್ಷಕರಿಗೆ.

ಭಾಷಾವಿಜ್ಞಾನಿ ಶಾನಾ ಪೊಪ್ಲಾಕ್ ನ್ಯೂಯಾರ್ಕಿನಲ್ಲಿ ಸ್ಪ್ಯಾನಿಷ್, ಇಂಗ್ಲಿಷ್ ಎರಡನ್ನೂ ಆಡುವ ಪೋರ್ಟೊ ರಿಕೊ ಮೂಲದವರ ಮಾತನ್ನು ಅಧ್ಯಯನ ಮಾಡಿ 1980ರಲ್ಲಿ ಪ್ರಕಟಿಸಿದರು. ವಾಕ್ಯದ ನಡುವೆಯೇ ಭಾಷೆ ಬದಲಿಸುವುದು ಎರಡನ್ನೂ ಚೆನ್ನಾಗಿ ಬಲ್ಲವರಲ್ಲೇ ಜಾಸ್ತಿ ಎಂದು ಅವರಿಗೆ ಕಂಡಿತು. ಅದೂ ಎರಡೂ ಕಡೆಯ ವ್ಯಾಕರಣ ಮುರಿಯದ ಜಾಗ ನೋಡಿಕೊಂಡು. ಬಾಲದ ಹಾಗೆ ಇನ್ನೊಂದು ಭಾಷೆಯ ಪದ ಅಂಟಿಸುವುದು ಆ ಇನ್ನೊಂದರಲ್ಲಿ ಅಷ್ಟು ಪಳಗದವರ ರೂಢಿ. ಟಿವಿ ಬರಹಗಾರರು ಸ್ಪ್ಯಾನಿಷ್ ಬಾಲವನ್ನು ಸ್ಪ್ಯಾನಿಷ್ಷಿನಲ್ಲೇ ಹುಟ್ಟಿ ಬೆಳೆದವರಿಗೆ ಕಟ್ಟುತ್ತಾರೆ!

ಸರಿಯಾಗಿ ಬರೆದವರೂ ಇದ್ದಾರೆ. ಮಯಾಮಿಯ ಸಾರ್ವಜನಿಕ ಟಿವಿಯಲ್ಲಿ 1977ರಿಂದ 1980ರವರೆಗೆ 'ಕೆ ಪಾಸಾ, ಯು.ಎಸ್.ಎ.?' ಎಂಬ ಹಾಸ್ಯ ಧಾರಾವಾಹಿ ತಯಾರಾಯಿತು. ಅಲ್ಲಿನ ಲಿಟ್ಲ್ ಹವಾನಾ ಬಡಾವಣೆಯ ಕ್ಯೂಬನ್ ಸಂಸಾರ, ಮೂರು ತಲೆಮಾರು. ಅಜ್ಜ ಅಜ್ಜಿಗೆ ಸ್ಪ್ಯಾನಿಷ್, ಮಕ್ಕಳಿಗೆ ಇಂಗ್ಲಿಷ್ ಹಿತ. ನಡುವಿನ ಅಪ್ಪ ಅಮ್ಮ ಎರಡೂ ದಡದ ನಡುವೆ ಓಡಾಡುತ್ತಾರೆ. ಯಾರ ಜೊತೆ ಮಾತು ಎನ್ನುವುದರ ಮೇಲೆ ಭಾಷೆ. ಸಬ್‌ಟೈಟಲ್ ಹಾಕಲೇ ಇಲ್ಲ. ನನಗೆ ಆ ಧೈರ್ಯ ಇಷ್ಟ.

2014ರಲ್ಲಿ ಶುರುವಾದ 'ಜೇನ್ ದ ವರ್ಜಿನ್' ಸಬ್‌ಟೈಟಲ್ ಹಾಕಿತು, ಆದರೆ ಮಾತಿನ ರೀತಿ ಕೆಡಿಸಲಿಲ್ಲ. ಅಜ್ಜಿ ಆಲ್ಬಾ ಸ್ಪ್ಯಾನಿಷ್ಷಿನಲ್ಲಿ ಕೇಳುತ್ತಾಳೆ, ಮೊಮ್ಮಗಳು ಜೇನ್ ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ಇಬ್ಬರಿಗೂ ಅರ್ಥವಾಗುತ್ತದೆ, ಇಬ್ಬರೂ ತಮ್ಮ ಭಾಷೆ ಬಿಡುವುದಿಲ್ಲ. ಪರದೇಶಕ್ಕೆ ಬಂದ ನಮ್ಮ ಕನ್ನಡಿಗರಲ್ಲಿ ಎಷ್ಟು ಮನೆಗಳ ಊಟದ ಮೇಜು ಹೀಗೇ ಇದೆ!

ಸಿಟ್ಟಿನ ಮಾತು ಬೇರೆ. 1951ರಲ್ಲಿ ಬಂದ 'ಐ ಲವ್ ಲೂಸಿ' ಧಾರಾವಾಹಿಯಲ್ಲಿ ಲೂಸಿಯ ಕ್ಯೂಬನ್ ಗಂಡ ರಿಕಿ ಕೋಪ ನೆತ್ತಿಗೇರಿದಾಗ ಸ್ಪ್ಯಾನಿಷ್ಷಿನಲ್ಲಿ ಸುರಿಸುತ್ತಿದ್ದ. ಹೆಂಡತಿಗೆ ಅರ್ಥವಾಗಲಿ ಬಿಡಲಿ, ಬೈಯಲು ಅವನಿಗೆ ಅದೇ ಬೇಕು.

ರಾಜ್ಯೋತ್ಸವದ ನಾಟಕ ಬರೆಯಲು ಕೂತಿರುವವರಿಗೆ ಒಂದು ಕೋರಿಕೆ. ಇಲ್ಲೇ ಹುಟ್ಟಿ ಬೆಳೆದ ಹುಡುಗನ ಬಾಯಿಗೆ ಸುಮ್ನೆ ಪಠ್ಯಪುಸ್ತಕದ ಕನ್ನಡ ತುರುಕಬೇಡಿ. ಅಮ್ಮನಿಗೆ ಅವನು ಇಂಗ್ಲಿಷಿನಲ್ಲೇ ಉತ್ತರ ಕೊಡಲಿ. ಊರಿಂದ ಬಂದ ಅಜ್ಜಿಯ ಮುಂದೆ, ಬೇರೆ ದಾರಿಯಿಲ್ಲದೆ, ತಡವರಿಸುತ್ತಾ ಕನ್ನಡಕ್ಕೆ ಬರಲಿ. ಸಮಿತಿಯಲ್ಲಿ ಒಂದಿಬ್ಬರು ಗೊಣಗಬಹುದು. ಅವರಿಗೆ ಉತ್ತರ ಹೇಳುವುದು ನನಗಿರಲಿ.