ಆ ಹಳೇ ಫೋಟೋ ವಿಷಯ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಅಮೆರಿಕದ ನಿಮ್ಮ ವರ್ಮಾಂಟಿನ ಲೈಬ್ರರಿಯಲ್ಲಿ ಸಿಕ್ಕ, ಬಿಳಿಯರು ಮುಖಕ್ಕೆ ಕಪ್ಪು ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುತ್ತಿದ್ದ ಮಿನ್‌ಸ್ಟ್ರೆಲ್ ಆಟದ ಫೋಟೋ ನೋಡಿದೆ. ಪ್ರದರ್ಶನಕ್ಕೆ ಇಡೋದಾ ಬೇಡವಾ ಅಂತ ಕೇಳಿದ್ದೀಯ. ಇಡು. ಆದರೆ ಬರೀ ಫೋಟೋ ಇಟ್ಟು ಸುಮ್ಮನಾಗಬೇಡ.

ಅರ್ಧ ವೃತ್ತದಲ್ಲಿ ಕೂತಿದ್ದಾರಲ್ಲ, ನಡುವೆ ಕೋಟು ಹಾಕಿಕೊಂಡು ಬಿಳಿ ಮುಖದಲ್ಲೇ ಇರುವವನು ಆಟ ನಡೆಸುವವನು. ಎರಡು ತುದಿಯಲ್ಲಿರೋರು ಟ್ಯಾಂಬೊ ಮತ್ತು ಬೋನ್ಸ್, ನಗಿಸೋ ಕೆಲಸ ಅವರದು. ಬಾಟಲಿಯ ಕಾರ್ಕ್ ಸುಟ್ಟು, ಪುಡಿ ಮಾಡಿ, ನೀರಲ್ಲಿ ಕಲಸಿ ಮುಖಕ್ಕೆ ಬಳಿದುಕೊಳ್ಳುತ್ತಿದ್ದರು. ಬಾಯಿ ಅಗಲ ಕಾಣಲಿ ಅಂತ ತುಟಿ ಸುತ್ತ ಮಾತ್ರ ಜಾಗ ಬಿಡುತ್ತಿದ್ದರು.

ಇದರ ಶುರು ಹಳೇದು. 1830ರ ಆಸುಪಾಸಿನಲ್ಲಿ ಥಾಮಸ್ ರೈಸ್ ಎಂಬ ಬಿಳಿಯ ನಟ ‘ಜಿಮ್ ಕ್ರೋ’ ವೇಷದಿಂದ ಹೆಸರು ಮಾಡಿದ. ಮುಂದೆ ಕಪ್ಪು ಜನರನ್ನು ದೂರ ಇಡುವ ಕಾನೂನುಗಳಿಗೆ ಅದೇ ಹೆಸರು ಅಂಟಿತು. 1843ರಲ್ಲಿ ವರ್ಜಿನಿಯಾ ಮಿನ್‌ಸ್ಟ್ರೆಲ್ಸ್ ತಂಡ ಇದನ್ನೇ ಇಡೀ ಸಂಜೆಯ ಆಟವಾಗಿ ಮಾಡಿತು.

ನಿನಗೆ ಮುಖ್ಯವಾದದ್ದು ಆಮೇಲಿನದು. 1900 ದಾಟಿದ ಮೇಲೆ ದೊಡ್ಡ ಊರುಗಳಲ್ಲಿ ಈ ವೃತ್ತಿ ತಂಡಗಳು ಕರಗಿದವು. ಸಣ್ಣ ಊರುಗಳಲ್ಲಿ ಊರವರೇ ವೇಷ ಕಟ್ಟತೊಡಗಿದರು. ಶಿಕಾಗೋದ ಡೆನಿಸನ್ ಪ್ರಕಾಶನದಿಂದ ಜೋಕಿನ ಪುಸ್ತಕ, ವಿಗ್ಗು, ಕಪ್ಪು ಬಣ್ಣ, ಎಲ್ಲವನ್ನೂ ಅಂಚೆಯಲ್ಲೇ ತರಿಸಬಹುದಿತ್ತು. ಅಂಗಡಿಯವರು, ಶಾಲೆ ಮೇಷ್ಟ್ರು, ಚರ್ಚಿನಲ್ಲಿ ಹಾಡೋರು ರಂಗಕ್ಕೆ ಹತ್ತುತ್ತಿದ್ದರು. ಊರಿನ ಡಾಕ್ಟರನ್ನೋ ಮೇಯರನ್ನೋ ಹೆಸರು ಹಿಡಿದು ಕಾಲೆಳೆದರೆ ಸಭೆಯೆಲ್ಲ ನಗು. ಟಿಕೆಟ್ ದುಡ್ಡು ಶಾಲೆಗೆ, ಚರ್ಚಿಗೆ, ಬೆಂಕಿ ಆರಿಸುವ ದಳಕ್ಕೆ. ಕಪ್ಪು ಜನರನ್ನು ಹೆಚ್ಚು ಕಂಡೇ ಇರದ ಊರುಗಳಲ್ಲೂ ಇದು ನಡೆಯಿತು. ನನ್ನನ್ನು ಜಾಸ್ತಿ ಕಾಡೋದು ಇದೇ. ದುಷ್ಟರು ಕತ್ತಲಲ್ಲಿ ಮಾಡಿದ್ದಲ್ಲ ಇದು, ಒಳ್ಳೆಯವರು ಅನ್ನಿಸಿಕೊಂಡವರು ಮಕ್ಕಳನ್ನು ಮುಂದಿನ ಸಾಲಲ್ಲಿ ಕೂರಿಸಿಕೊಂಡು ಮಾಡಿದ್ದು. ನಿಮ್ಮ ವರ್ಮಾಂಟ್ ವಿಶ್ವವಿದ್ಯಾಲಯದಲ್ಲಿ ಹುಡುಗರು ಹೀಗೇ ಮುಖಕ್ಕೆ ಬಣ್ಣ ಬಳಿದುಕೊಂಡು ಕುಣಿಯುತ್ತಿದ್ದ ‘ಕೇಕ್ ವಾಕ್’ ಸ್ಪರ್ಧೆ ನಿಂತದ್ದೇ 1969ರಲ್ಲಿ.

‘ಆ ಕಾಲದಲ್ಲಿ ಯಾರಿಗೂ ತಪ್ಪು ಅನ್ನಿಸಿರಲಿಲ್ಲ’ ಅಂತ ನಿಮ್ಮ ಸಮಿತಿಯ ಹಿರಿಯರು ಹೇಳಿದರಂತೆ. ಹಾಗಾದರೆ 1848ರಲ್ಲೇ, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಅದರ ವಿರುದ್ಧ ಹೋರಾಡಿದ ಕಪ್ಪು ನಾಯಕ ಫ್ರೆಡರಿಕ್ ಡಗ್ಲಸ್ ತನ್ನ ‘ನಾರ್ತ್ ಸ್ಟಾರ್’ ಪತ್ರಿಕೆಯಲ್ಲಿ ಬರೆದದ್ದು ಏನು? ಈ ವೇಷಗಾರರು ಬಿಳಿ ಸಮಾಜದ ಹೊಲಸು, ಪ್ರಕೃತಿ ತಮಗೆ ಕೊಡದ ಮೈಬಣ್ಣವನ್ನು ನಮ್ಮಿಂದ ಕದ್ದು ದುಡ್ಡು ಮಾಡುತ್ತಾರೆ ಅಂದಿದ್ದ. ತಪ್ಪು ಅನ್ನಿಸಿದವರು ಇದ್ದರು. ಅವರನ್ನು ಯಾರೂ ಕೇಳಲಿಲ್ಲ, ಅಷ್ಟೇ.

ಆದರೂ ಆ ಹಿರಿಯರ ಜೊತೆ ಜಗಳಕ್ಕೆ ಇಳಿಯಬೇಡ. ಫೋಟೋದಲ್ಲಿ ಅವರ ಅಪ್ಪನೂ ಇದ್ದಾರೆ ಅಂದೆಯಲ್ಲ. ಪಕ್ಕದಲ್ಲಿ ಕೂತು ಕೇಳು: ಆಟ ಎಲ್ಲಿ ಆಯ್ತು, ಬಣ್ಣ ಯಾರು ಹಚ್ಚಿದರು, ದುಡ್ಡು ಯಾವುದಕ್ಕೆ ಹೋಯ್ತು, ಯಾರಾದರೂ ಬೇಡ ಅಂದಿದ್ದರಾ. ಒಪ್ಪಿದರೆ ರೆಕಾರ್ಡ್ ಮಾಡಿಕೋ. ಬೈದರೆ ಬಾಯಿ ಮುಚ್ಚಿಕೊಳ್ಳುತ್ತಾರೆ, ಆ ಫೋಟೋ ಮತ್ತೆ ಅಟ್ಟ ಸೇರುತ್ತದೆ.

ಇನ್ನೊಂದು ಮಾತು. ನಿಮ್ಮ ಕನ್ನಡ ಕೂಟದ ಊಟದಲ್ಲಿ ಕಪ್ಪು ಜನರ ಮೇಲೆ ಜೋಕ್ ಹೊಡೆಯುವವರು ಇದ್ದಾರೆ ಅಂತ ನೀನೇ ಹೇಳಿದ್ದೆ. ಅಲ್ಲೂ ನಗಬೇಡ, ಹಿರಿಯರು ಅಂತ ಮುಲಾಜು ಬೇಡ.

ಪ್ರದರ್ಶನದಲ್ಲಿ ಫೋಟೋ ಪಕ್ಕಕ್ಕೇ ಡಗ್ಲಸನ ಮಾತನ್ನು ಇಸವಿ ಸಮೇತ, ದೊಡ್ಡ ಅಕ್ಷರದಲ್ಲಿ ಹಾಕು. ಬರಹ ಸಿದ್ಧವಾದರೆ ನನಗೂ ಕಳಿಸು, ಓದಿ ಹೇಳ್ತೀನಿ.

ನಿನ್ನ ದೊಡ್ಡಮ್ಮ