ಫಂಡಿ ಕೊಲ್ಲಿಗೆ ಹೊರಟ ಗೆಳೆಯನಿಗೊಂದು ಪತ್ರ

ಹಾಸನ

ಪ್ರೀತಿಯ ಗೆಳೆಯ,

ನೀವು ಎಂಟು ಮನೆಯವರು ಎಂಟು ಮೋಟರ್‌ಹೋಮ್ (ಒಳಗೇ ಅಡುಗೆ, ಹಾಸಿಗೆ, ಕಕ್ಕಸು ಇರೋ ಗಾಡಿ) ಬಾಡಿಗೆಗೆ ಹಿಡಿದು, ಕೆನಡಾದ ಫಂಡಿ ಕೊಲ್ಲಿಯ ದಡದಲ್ಲಿ ಹತ್ತು ದಿನ ಒಟ್ಟಿಗೆ ಸುತ್ತುವ ವಿಚಾರ ಓದಿ ತುಂಬ ಖುಷಿಯಾಯ್ತು. ನೀನು ಚಿಕ್ಕಮಗಳೂರಿಂದ ಕಳಿಸಿದ ಪಟ್ಟಿಯಲ್ಲಿ ದಿನಕ್ಕೆ ಎಷ್ಟು ಕಿಲೋಮೀಟರ್, ರಾತ್ರಿ ಎಲ್ಲಿ ಹಾಲ್ಟ್, ಎಲ್ಲ ಇದೆ. ಉಬ್ಬರ-ಇಳಿತದ ಹೊತ್ತು ಮಾತ್ರ ಇಲ್ಲ. ಅದನ್ನ ಮೊದಲು ಬರಿ ಕಣೋ, ಉಳಿದದ್ದನ್ನ ಅದರ ಸುತ್ತ ಕೂರಿಸು.

ನಮ್ಮ ಶೆಟ್ಟಿಹಳ್ಳಿ ಚರ್ಚು ನೋಡಿದ್ದೀಯಲ್ಲ. ಮಳೆಗಾಲದಲ್ಲಿ ಹೇಮಾವತಿ ಹಿನ್ನೀರು ಏರಿ ಅರ್ಧ ಮುಳುಗಿಸುತ್ತೆ, ಬೇಸಿಗೆಯಲ್ಲಿ ಅದೇ ಜಾಗದಲ್ಲಿ ಓಡಾಡಬಹುದು. ಫಂಡಿಯಲ್ಲಿ ಅಂಥ ಏರಿಳಿತ ದಿನಕ್ಕೆ ಎರಡು ಸಲ. ಕೊಲ್ಲಿಯ ಒಳತುದಿಯ ಬರ್ನ್ಟ್‌ಕೋಟ್ ಹೆಡ್‌ನಲ್ಲಿ ಇಳಿತಕ್ಕೂ ಉಬ್ಬರಕ್ಕೂ ನಡುವೆ ನೀರು 16 ಮೀಟರಿನವರೆಗೆ ಏರುತ್ತೆ. ಪ್ರಪಂಚದಲ್ಲೇ ಅತಿ ಹೆಚ್ಚು. ಕೊಲ್ಲಿ ಲಾಳಿಕೆಯ ಹಾಗೆ ಒಳಗೆ ಹೋದಂತೆ ಕಿರಿದಾಗುತ್ತೆ, ಆಳವೂ ಕಮ್ಮಿಯಾಗುತ್ತೆ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಬೋಗುಣಿಯ ನೀರು ಅಲುಗಿದಾಗ ಅತ್ತಿಂದಿತ್ತ ತೂಗಲು ಅದರದೇ ಒಂದು ಹೊತ್ತು ಹಿಡಿಯುತ್ತೆ. ಈ ಕೊಲ್ಲಿಯ ನೀರಿಗೆ ಅದು ಸುಮಾರು 13 ಗಂಟೆ. ಸಾಗರದ ಉಬ್ಬರ ಬರೋದು 12 ಗಂಟೆ 25 ನಿಮಿಷಕ್ಕೊಮ್ಮೆ. ಜೋಕಾಲಿಯನ್ನ ಸರಿಯಾದ ಹೊತ್ತಿಗೆ ತಳ್ಳಿದ ಹಾಗೆ, ಪ್ರತಿ ಉಬ್ಬರವೂ ತೂಗಾಟಕ್ಕೆ ಬಲ ಕೊಡುತ್ತೆ.

ಹೋಪ್‌ವೆಲ್ ರಾಕ್ಸ್ ಅನ್ನೋ ಜಾಗದಲ್ಲಿ, ತಲೆ ಮೇಲೆ ಮರ ಹೊತ್ತ ಬಂಡೆಕಂಬಗಳ ಬುಡದಲ್ಲಿ, ಸಮುದ್ರದ ತಳದ ಮೇಲೆ ನಡೆದಾಡಬಹುದು. ಇಳಿತಕ್ಕೆ ಮೂರು ಗಂಟೆ ಮುಂಚೆಯಿಂದ ಮೂರು ಗಂಟೆ ನಂತರದವರೆಗೆ, ಅಷ್ಟೇ. ಇಳಿತ ಬೆಳಿಗ್ಗೆ 11ಕ್ಕೆ ಅಂದುಕೋ. 8ರಿಂದ 2ರವರೆಗೆ ಕೆಳಗೆ ನಡೆಯಬಹುದು. ಸಂಜೆ 5 ಕಾಲಿನ ಹೊತ್ತಿಗೆ ಉಬ್ಬರ ತುಂಬಿರುತ್ತೆ, ನೀವು ಫೋಟೊ ತೆಗೆಸಿಕೊಂಡ ಕಡೆ ದೋಣಿ ತೇಲುತ್ತಿರುತ್ತೆ. ಎರಡನ್ನೂ ನೋಡದೆ ಬಂದರೆ ಅರ್ಧವೇ ನೋಡಿದ ಹಾಗೆ. ಅದಕ್ಕೇ ಅಲ್ಲೇ ಹತ್ತಿರದಲ್ಲಿ ಒಂದು ರಾತ್ರಿ ತಂಗಿ. ಮಾರನೇ ದಿನ ಇಳಿತ ಸುಮಾರು 50 ನಿಮಿಷ ತಡ. ಒಂದು ವಾರದಲ್ಲಿ ಅದು ಆರು ಗಂಟೆಯಷ್ಟು ಸರಿದು, ಈ ವಾರ ಇಳಿತವಿದ್ದ ಹೊತ್ತಿಗೆ ಮುಂದಿನ ವಾರ ಉಬ್ಬರ. ಕ್ಯಾಂಪ್ ಜಾಗ ಬುಕ್ ಮಾಡೋ ಮೊದಲು ಆ ದಿನದ ಇಳಿತ ಹಗಲಿಗೆ ಬೀಳುತ್ತಾ ನೋಡು. ಕೆಲವು ಪಟ್ಟಿಗಳಲ್ಲಿ ಪ್ರಮಾಣ ಸಮಯ ಇರುತ್ತೆ, ಬೇಸಿಗೆಯಲ್ಲಿ ಅಲ್ಲಿನ ಗಡಿಯಾರ ಒಂದು ಗಂಟೆ ಮುಂದೆ. ಇಷ್ಟು ತಪ್ಪಿದರೂ ಗುಂಪಿಗೆ ಒಂದು ಗಂಟೆ ಖೋತಾ.

ಮನೆಯ ಪಂಚಾಂಗವೂ ಉಪಯೋಗಕ್ಕೆ ಬರುತ್ತೆ. ಅಮಾವಾಸ್ಯೆ, ಹುಣ್ಣಿಮೆ ಕಳೆದ ಒಂದೆರಡು ದಿನಕ್ಕೆ ಏರಿಳಿತ ಜೋರು, ಅಷ್ಟಮಿಯ ಆಸುಪಾಸು ಸಪ್ಪೆ. ಆದರೆ ಕೆಳಗಿಳಿಯೋ ನಿರ್ಧಾರಕ್ಕೆ ಅಲ್ಲಿನ ಅಧಿಕೃತ ಪಟ್ಟಿಯೇ ಆಧಾರ. ನೀರು ಗಂಟೆಗೆ ಎರಡು ಮೀಟರಿಗೂ ಮಿಕ್ಕಿ ಏರಬಲ್ಲದು, ಬಂಡೆಯ ತಿರುವಿನಾಚೆ ಇರುವವರಿಗೆ ಅದು ಕಾಣೋದೇ ತಡವಾಗಿ. ಮಕ್ಕಳನ್ನ ಮೆಟ್ಟಿಲು ಕಾಣುವಷ್ಟು ದೂರದಲ್ಲೇ ಇಟ್ಟುಕೊಳ್ಳಿ. ಕೆಂಪು ಕೆಸರು ನಾಟಿಗದ್ದೆಯ ಕೆಸರಿನಂತೆ ಕಾಲು ಹಿಡಿಯುತ್ತೆ, ಗಮ್‌ಬೂಟ್ ಇರಲಿ.

ಇನ್ನೊಂದು ಮಾತು. ಎಂಟು ಗಾಡಿ ಬದಲು ಏಳು ಮಾಡಿ, ಒಂದು ಸಣ್ಣ ಕಾರು ಹಿಡಿಯಿರಿ. ಮಾಂಕ್ಟನ್ ಊರಲ್ಲಿ ಪೆಟಿಕೋಡಿಯಾಕ್ ನದಿಗೆ ಎದುರಾಗಿ ಉಬ್ಬರದ ಅಲೆ ಬರೋದನ್ನ ನೋಡೋಕೆ ಪೇಟೆಯೊಳಗೆ ಹೋಗಬೇಕು, ಅಲ್ಲಿ ಮೋಟರ್‌ಹೋಮ್ ನಿಲ್ಲಿಸೋದು ಕಷ್ಟ. ಸೇಂಟ್ ಆಂಡ್ರ್ಯೂಸ್‌ನ ಮಿನಿಸ್ಟರ್ಸ್ ದ್ವೀಪಕ್ಕೆ ಇಳಿತದಲ್ಲಿ ಕಡಲ ತಳದ ಮೇಲೇ ದಾರಿ. ಅದಕ್ಕೂ ಕಾರೇ ಸರಿ. ವಾಪಸ್ ಬರೋ ಹೊತ್ತು ತಪ್ಪಿದರೆ ಮುಂದಿನ ಇಳಿತದವರೆಗೆ ಅಲ್ಲೇ ಕಾಯಬೇಕು.

ರಸ್ತೆಯಲ್ಲಿ ಏಳೂ ಗಾಡಿ ರೈಲಿನ ಹಾಗೆ ಒಂದರ ಹಿಂದೆ ಒಂದು ಹೋಗಬೇಡಿ. ಹಿಂದಿನವರಿಗೆ ಓವರ್‌ಟೇಕ್ ಮಾಡೋಕೆ ಜಾಗ ಸಿಗಲ್ಲ, ಅವರು ಎದುರುಗಡೆ ನುಗ್ಗಿ ಅಪಾಯ ತರುತ್ತಾರೆ. ಎರಡು-ಮೂರರ ಗುಂಪು ಮಾಡಿ, ಹತ್ತು ಹತ್ತು ನಿಮಿಷ ಬಿಟ್ಟು ಹೊರಡಿ. ಮುಂದಿನ ಗಾಡಿಯವರು ದಾರಿ ನೋಡಲಿ. ಕೊನೆಯ ಗಾಡಿ ಯಾರನ್ನೂ ದಾಟಿ ಮುಂದೆ ಹೋಗಬಾರದು, ಟೂಲ್‌ಕಿಟ್ ಮತ್ತು ಪ್ರಥಮ ಚಿಕಿತ್ಸೆ ಪೆಟ್ಟಿಗೆ ಅದರಲ್ಲೇ ಇರಲಿ. ಅಲ್ಲಿ ಬಲಗಡೆ ಓಡಿಸಬೇಕು. 25 ಅಡಿ ಗಾಡಿಯಲ್ಲಿ ಹಿಂದಿನ ಚಕ್ರದಾಚೆ ಉದ್ದ ಬಾಲ ಇರುತ್ತೆ. ಬಲಕ್ಕೆ ತಿರುಗಿಸಿದರೆ ಬಾಲ ಎಡಕ್ಕೆ ಬೀಸುತ್ತೆ. ಪೆಟ್ರೋಲ್ ಬಂಕಿನ ಕಂಬಕ್ಕೆ ತಾಗೋದು ಹೀಗೆ. 114ನೇ ಹೆದ್ದಾರಿಯಲ್ಲಿ ಫಂಡಿ ರಾಷ್ಟ್ರೀಯ ಉದ್ಯಾನ ದಾಟಿ ಆಲ್ಮಾ ಊರಿಗೆ ಇಳಿಯೋ ಜಾಗ ಕಡಿದು. ಚಾರ್ಮಾಡಿ ಇಳಿಯುವ ಹಾಗೆ ಲೋ ಗೇರಲ್ಲಿ ಇಳಿ, ಬ್ರೇಕ್ ಒತ್ತಿಕೊಂಡೇ ಹೋದರೆ ಕಾಯುತ್ತೆ. ಮುಸ್ಸಂಜೆ ಹೊತ್ತು ಓಡಿಸಲೇಬೇಡಿ: ಸಕಲೇಶಪುರದ ಕಡೆ ಆನೆ ಇದ್ದ ಹಾಗೆ ಅಲ್ಲಿ ಮೂಸ್ ಅನ್ನೋ ದೈತ್ಯ ಜಿಂಕೆ. ಉದ್ದ ಕಾಲಿನ ಮೇಲೆ ಭಾರೀ ಮೈ, ಗುದ್ದಿದರೆ ನೇರ ಗಾಜಿನ ಮೇಲೆ ಬೀಳುತ್ತೆ. ಬೇಸಿಗೆಯಲ್ಲೂ ದಟ್ಟ ಮಂಜು ಕವಿಯುತ್ತೆ, ಸ್ವೆಟರ್ ಬೇಕೇ ಬೇಕು.

ಅಡುಗೆ ವಿಷಯ ಮನೆಯವರಿಗೂ ಓದಿಸು. ಅಲ್ಲಿ ಕರೆಂಟ್ 120 ವೋಲ್ಟ್, ಇಲ್ಲಿನ ಮಿಕ್ಸಿ ಸರಿಯಾಗಿ ತಿರುಗಲ್ಲ. ಹುರಿದು ಪುಡಿ ಮಾಡಿದ್ದನ್ನೇ ಒಯ್ಯಿರಿ. ಕ್ಯಾಂಪಲ್ಲಿ ಗಾಡಿಗೆ ಕರೆಂಟ್ ಕೊಡೋ 30 ಆಂಪಿಯರ್ ಪ್ಲಗ್ಗಿಗೆ ಒಟ್ಟು 3,600 ವಾಟ್. ಎಸಿ, ಮೈಕ್ರೋವೇವ್, ನೀರು ಕಾಯಿಸೋ ಕೆಟಲ್ ಒಟ್ಟಿಗೆ ಹಾಕಿದರೆ ಟ್ರಿಪ್ ಆಗುತ್ತೆ. ಒಗ್ಗರಣೆಗೆ ಮುಂಚೆ ಚಾವಣಿಯಲ್ಲಿ ಹೊಗೆ ಹೊರಹಾಕೋ ಫ್ಯಾನ್ ಹಾಕಿ ಕಿಟಕಿ ತೆಗೀರಿ, ಇಲ್ಲಾಂದ್ರೆ ಒಣಮೆಣಸಿನಕಾಯಿ ಹೊಗೆಗೆ ಅಲಾರಂ ಕೂಗುತ್ತೆ. ಕೂಗುತ್ತೆ ಅಂತ ಅದರ ಬ್ಯಾಟರಿ ಮಾತ್ರ ತೆಗೀಬೇಡಿ, ಮಲಗೋ ಜಾಗದಲ್ಲೇ ಗ್ಯಾಸ್ ಒಲೆ ಇರೋದು.

ಗಾಡಿ ಕೆಳಗೆ ಎರಡು ಕೊಳಕು ಟ್ಯಾಂಕ್: ಒಂದು ಕಕ್ಕಸಿನದು, ಒಂದು ಸಿಂಕು-ಬಚ್ಚಲಿನದು. ಕ್ಯಾಂಪಲ್ಲಿ ಪೈಪ್ ಜೋಡಿಸಿದ ತಕ್ಷಣ ಕಕ್ಕಸಿನ ವಾಲ್ವ್ ತೆಗೆದಿಟ್ಟರೆ ನೀರಷ್ಟೇ ಹರಿದುಹೋಗಿ ಗಟ್ಟಿ ಭಾಗ ಒಳಗೇ ಗುಡ್ಡೆ ಕಟ್ಟುತ್ತೆ. ಮುಚ್ಚಿಡಿ. ಮುಕ್ಕಾಲು ತುಂಬಿದ ಮೇಲೆ ಒಮ್ಮೆಲೇ ಬಿಡಿ, ಅದು ಖಾಲಿಯಾದ ಮೇಲೆ ಸಿಂಕಿನದು ಬಿಡಿ. ಆ ಸೋಪಿನ ನೀರು ಪೈಪನ್ನೂ ತೊಳೆಯುತ್ತೆ. ಕೈಗವಸು ಹಾಕಿ. ಕುಡಿಯೋ ನೀರಿನ ಪೈಪ್ ಬೇರೆಯೇ ಇರಲಿ, ಬೇರೆ ಕಡೆಯೇ ಇಡಿ. ತಟ್ಟೆಯ ಅನ್ನದಗುಳು, ಸಾಸಿವೆ, ಎಣ್ಣೆ ಕಾಗದದಲ್ಲಿ ಒರೆಸಿ ಆಮೇಲೆ ತೊಳೀರಿ. ಸಿಂಕ್ ಕಟ್ಟೋದು ಅದರಿಂದಲೇ.

ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಹೊರಡೋ ಮೊದಲು ಚಿಕ್ಕಮಗಳೂರಿನ ಆರ್‌ಟಿಒದಲ್ಲೇ ಮಾಡಿಸು, ಒಂದು ವರ್ಷದ್ದು, ಮೂಲ ಲೈಸೆನ್ಸೂ ಜೊತೆಗಿರಬೇಕು. ಹೋಪ್‌ವೆಲ್ ಪಾರ್ಕ್ ತೆರೆದಿರೋದು ಮೇ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ. ಹೊರಡೋ ತಾರೀಖು ಗೊತ್ತಾದ ಕೂಡಲೇ ಕಳಿಸು, ಹತ್ತೂ ದಿನದ ಇಳಿತದ ಹೊತ್ತು ನಿನ್ನ ಪಟ್ಟಿ ಪಕ್ಕ ಬರೆದು ಕಳಿಸ್ತೀನಿ.

ಇಂತಿ,
ನಿನ್ನ ಗೆಳೆಯ