‘ಬೆಂಗಳೂರು ದಕ್ಷಿಣ’ ಎಂದರೆ ಯಾವ ದಕ್ಷಿಣ?

ಮಾನ್ಯರೇ,

ಲೋಕಸಭೆ ಚುನಾವಣೆ ಬಂತೆಂದರೆ ಪತ್ರಿಕೆ, ಟಿ.ವಿ.ಗಳಲ್ಲಿ ‘ಕ್ಷೇತ್ರ ಪರಿಚಯ’ ಶುರುವಾಗುತ್ತದೆ. ಬೆಂಗಳೂರು ದಕ್ಷಿಣದ ಸರದಿಯಲ್ಲಿ 1952ರಿಂದ ಇಂದಿನವರೆಗೆ ಒಂದೇ ಉಸಿರಿಗೆ ಪಟ್ಟಿ ಓದಿಬಿಡುವುದು ರೂಢಿ: ಟಿ. ಮಾದಯ್ಯ ಗೌಡ, ಕೆಂಗಲ್ ಹನುಮಂತಯ್ಯ, ಕೆ.ಎಸ್. ಹೆಗ್ಡೆ, ಟಿ.ಆರ್. ಶಾಮಣ್ಣ, ವಿ.ಎಸ್. ಕೃಷ್ಣ ಅಯ್ಯರ್, ಆರ್. ಗುಂಡೂರಾವ್, ಕೆ. ವೆಂಕಟಗಿರಿ ಗೌಡ, ಅನಂತಕುಮಾರ್, ತೇಜಸ್ವಿ ಸೂರ್ಯ. ಇದರಲ್ಲಿ ಎರಡನೇ ಹೆಸರು ತಪ್ಪು. ಹನುಮಂತಯ್ಯನವರು ಸಂಸದರಾಗಿದ್ದಷ್ಟು ಕಾಲವೂ ‘ಬೆಂಗಳೂರು ದಕ್ಷಿಣ’ ಎಂಬ ಲೋಕಸಭಾ ಕ್ಷೇತ್ರವೇ ಇರಲಿಲ್ಲ.

ಮೈಸೂರು ರಾಜ್ಯದ ಮೊದಲ ಮಹಾಚುನಾವಣೆಯಲ್ಲಿ ಬೆಂಗಳೂರು ಉತ್ತರ, ಬೆಂಗಳೂರು ದಕ್ಷಿಣ ಎಂದು ಎರಡಿದ್ದವು. ಉತ್ತರದಿಂದ ಎನ್. ಕೇಶವ ಅಯ್ಯಂಗಾರ್, ದಕ್ಷಿಣದಿಂದ ಮಾದಯ್ಯ ಗೌಡರು ಗೆದ್ದರು, ಇಬ್ಬರೂ ಕಾಂಗ್ರೆಸ್. ರಾಜ್ಯಗಳ ಪುನರ್ವಿಂಗಡಣೆಯಾದ ಮೇಲೆ, 1957ಕ್ಕೆ ಎರಡೂ ಹೆಸರು ಹೋಗಿ ‘ಬೆಂಗಳೂರು ನಗರ’ ಮತ್ತು ಬರೀ ‘ಬೆಂಗಳೂರು’ ಬಂದವು. ಗೋಜಲು ಹುಟ್ಟುವುದು ಈ ಬರೀ ‘ಬೆಂಗಳೂರಿ’ನಲ್ಲಿ. 1962ರಲ್ಲಿ ‘ಬೆಂಗಳೂರಿ’ನಿಂದ ಗೆದ್ದವರು ಎಚ್.ಸಿ. ದಾಸಪ್ಪ, ಹನುಮಂತಯ್ಯನವರದು ‘ಬೆಂಗಳೂರು ನಗರ’. 1967ಕ್ಕೆ ‘ನಗರ’ ಎಂಬ ಹೆಸರು ಅಳಿಯಿತು, ಹನುಮಂತಯ್ಯನವರು 1967 ಮತ್ತು 1971ರಲ್ಲಿ ಗೆದ್ದದ್ದು ‘ಬೆಂಗಳೂರಿ’ನಿಂದ. ಹಾಗಾಗಿ ಹೆಸರೊಂದನ್ನೇ ಹಿಡಿದು ಹೋದರೆ ದಾಸಪ್ಪನವರ ಜಾಗಕ್ಕೆ ಹನುಮಂತಯ್ಯನವರು ಬಂದಂತೆ ಕಾಣುತ್ತದೆ. 1962ರಲ್ಲಿ ಇಬ್ಬರೂ ಅಕ್ಕಪಕ್ಕದ ಕ್ಷೇತ್ರಗಳಿಂದ ಒಟ್ಟಿಗೇ ದೆಹಲಿಗೆ ಹೋದವರು.

(ಇಬ್ಬರೂ ರೈಲ್ವೆ ಸಚಿವರಾದರು ಎನ್ನುವುದು ಬೇರೆ ಮಾತು. ಆಮೇಲೆ ಉತ್ತರದ ಸಿ.ಕೆ. ಜಾಫರ್ ಷರೀಫ್, ಡಿ.ವಿ. ಸದಾನಂದ ಗೌಡರೂ ಅದೇ ಕುರ್ಚಿಯಲ್ಲಿ ಕೂತರು. ನಾಲ್ವರು ರೈಲ್ವೆ ಸಚಿವರನ್ನು ಕೊಟ್ಟ ಊರು ಉಪನಗರ ರೈಲಿಗೆ ಇನ್ನೂ ಕಾಯುತ್ತಿದೆ.)

‘ದಕ್ಷಿಣ’ ಮರಳಿ ಬಂದದ್ದು 1971ರ ಜನಗಣತಿ ಆಧರಿಸಿದ ಕ್ಷೇತ್ರ ಪುನರ್ವಿಂಗಡಣೆಯಲ್ಲಿ. ಅದು ಬಳಕೆಗೆ ಬಂದದ್ದು 1977ರಲ್ಲಿ. ಈ ಕ್ಷೇತ್ರದ ನಿಜವಾದ ಸ್ವಭಾವ ತಿಳಿಯಬೇಕಾದರೆ ಅಲ್ಲಿಂದಲೇ ಲೆಕ್ಕ ಹಾಕಬೇಕು. ಆ ವರ್ಷ ಉತ್ತರ ಭಾರತದಲ್ಲಿ ನೆಲಕಚ್ಚಿದ ಕಾಂಗ್ರೆಸ್ ಕರ್ನಾಟಕದಲ್ಲಿ 28ರಲ್ಲಿ 26 ಗೆದ್ದಿತು. ಸೋತ ಎರಡರಲ್ಲಿ ಹಾಸನ ಒಂದು, ಇನ್ನೊಂದು ಬೆಂಗಳೂರು ದಕ್ಷಿಣ. ಇಲ್ಲಿ ಗೆದ್ದ ಕೆ.ಎಸ್. ಹೆಗ್ಡೆಯವರು, 1973ರಲ್ಲಿ ತಮ್ಮನ್ನೂ ಶೆಲತ್, ಗ್ರೋವರ್ ಅವರನ್ನೂ ಹಿಂದೆ ಹಾಕಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ಸುಪ್ರೀಂ ಕೋರ್ಟಿಗೆ ರಾಜೀನಾಮೆ ಕೊಟ್ಟು ಬಂದವರು. ನೀಲಂ ಸಂಜೀವ ರೆಡ್ಡಿಯವರು ರಾಷ್ಟ್ರಪತಿ ಸ್ಥಾನಕ್ಕೆ ನಿಂತಾಗ ತೆರವಾದ ಸ್ಪೀಕರ್ ಪೀಠಕ್ಕೆ ಮೊದಲ ಸಲದ ಈ ಲೋಕಸಭಾ ಸದಸ್ಯರೇ ಏರಿದರು. 1980ರಲ್ಲಿ ಗಾಳಿ ತಿರುಗಿ ಕಾಂಗ್ರೆಸ್ಸಿಗೆ 28ರಲ್ಲಿ 27 ಬಂತು. ಉಳಿದ ಆ ಒಂದೂ ದಕ್ಷಿಣವೇ, ಜನತಾ ಪಕ್ಷದ ಶಾಮಣ್ಣನವರದು. 1984ರಲ್ಲೂ ಜನತಾ ಪಕ್ಷದ ಕೃಷ್ಣ ಅಯ್ಯರ್ ಗೆದ್ದರು. ಮಾಜಿ ಮುಖ್ಯಮಂತ್ರಿ ಗುಂಡೂರಾಯರು 1989ರಲ್ಲಿ ಗೆದ್ದದ್ದು ಬಿಟ್ಟರೆ 1977ರಿಂದ ಈಚೆಗೆ ಇಲ್ಲಿ ಕಾಂಗ್ರೆಸ್ ಗೆದ್ದಿಲ್ಲ. 1991ರಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು ವೆಂಕಟಗಿರಿ ಗೌಡರಿಂದ ಮೊದಲ್ಗೊಂಡು 2024ರವರೆಗೆ ಒಂಬತ್ತು ಚುನಾವಣೆಯೂ ಬಿಜೆಪಿಯದೇ. ಆದ್ದರಿಂದ ‘ಒಂದು ಕಾಲದ ಕಾಂಗ್ರೆಸ್ ಕೋಟೆ’ ಎಂದು ಯಾರಾದರೂ ಬರೆದರೆ, ಅವರು ಹನುಮಂತಯ್ಯನವರ ಮೂರು ಗೆಲುವನ್ನು ತಪ್ಪು ಖಾತೆಗೆ ಜಮಾ ಮಾಡಿದ್ದಾರೆ ಎಂದೇ ಅರ್ಥ. ದಕ್ಷಿಣ ಎಂಬ ಹೆಸರಿನಡಿ ಕಾಂಗ್ರೆಸ್ ಗೆದ್ದದ್ದು ಎರಡೇ ಸಲ.

ಅನಂತಕುಮಾರ್ 1996ರಿಂದ 2014ರವರೆಗೆ ಸತತ ಆರು ಸಲ ಗೆದ್ದರು ಎಂಬುದು ಸರಿ. ಆದರೆ ಆರೂ ಸಲ ‘ಅದೇ ಕ್ಷೇತ್ರ’ದಿಂದ ಎನ್ನುವ ಹಾಗಿಲ್ಲ. 2008ರ ಪುನರ್ವಿಂಗಡಣೆಯಲ್ಲಿ ಬಿನ್ನಿಪೇಟೆ, ಉತ್ತರಹಳ್ಳಿ, ಜಯಮಹಲ್, ಭಾರತಿನಗರ, ವರ್ತೂರು ಎಂಬ ವಿಧಾನಸಭಾ ಕ್ಷೇತ್ರಗಳೇ ನಕ್ಷೆಯಿಂದ ಅಳಿಸಿಹೋದವು, ಪದ್ಮನಾಭನಗರ, ಬಿ.ಟಿ.ಎಂ. ಲೇಔಟ್, ಬೊಮ್ಮನಹಳ್ಳಿ, ಗೋವಿಂದರಾಜನಗರದಂಥವು ಹೊಸದಾಗಿ ಹುಟ್ಟಿದವು. ಉತ್ತರಹಳ್ಳಿಯಂತೂ ಅಲ್ಲಿಯವರೆಗೆ ಕನಕಪುರ ಲೋಕಸಭಾ ಕ್ಷೇತ್ರದಲ್ಲಿತ್ತು. 2002ರ ಉಪಚುನಾವಣೆಯಲ್ಲಿ ದೇವೇಗೌಡರನ್ನು ಗೆಲ್ಲಿಸಿ, 2004ರಲ್ಲಿ ಅವರನ್ನೇ ಸೋಲಿಸಿ ತೇಜಸ್ವಿನಿಯವರನ್ನು ಕಳಿಸಿದ ಕ್ಷೇತ್ರ ಅದು. ಹೀಗಿರುವಾಗ ಅನಂತಕುಮಾರ್ ಅವರ 2004ರ ಗೆಲುವಿನ ಅಂತರದ ಪಕ್ಕಕ್ಕೆ 2009ರ 37,612 ಮತಗಳ ಅಂತರವನ್ನಿಟ್ಟು ‘ಜನಪ್ರಿಯತೆ ಏರಿತು, ಇಳಿಯಿತು’ ಎಂದು ಷರಾ ಬರೆಯುವುದು ಎರಡು ಬೇರೆ ಹೊಲಗಳ ಫಸಲನ್ನು ತೂಗಿದಂತೆ. 2009ರದನ್ನು 2014ರ 2,28,575ಕ್ಕೆ ಹೋಲಿಸಬಹುದು, ಗಡಿ ಒಂದೇ.

ಅನಂತಕುಮಾರ್ 2018ರ ನವೆಂಬರ್‌ನಲ್ಲಿ ತೀರಿಕೊಂಡ ಮೇಲೆ ಉಪಚುನಾವಣೆ ಏಕೆ ನಡೆಯಲಿಲ್ಲ ಎಂದು ಈಗಲೂ ಕೆಲವರು ಕೇಳುತ್ತಾರೆ. ಅದೇ ತಿಂಗಳು ಮಂಡ್ಯ, ಶಿವಮೊಗ್ಗ, ಬಳ್ಳಾರಿಗೆ ನಡೆದಿತ್ತಲ್ಲ ಎಂಬುದು ಅವರ ತರ್ಕ. ಆ ಮೂರು ಸ್ಥಾನ ತೆರವಾದದ್ದು ಮೇ ತಿಂಗಳಲ್ಲಿ, ಸದನದ ಅವಧಿ ಒಂದು ವರ್ಷಕ್ಕಿಂತ ಸ್ವಲ್ಪ ಹೆಚ್ಚು ಉಳಿದಿದ್ದಾಗ. ತೆರವಾದ ಸದಸ್ಯರ ಅವಧಿ ಒಂದು ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ಆರು ತಿಂಗಳೊಳಗೆ ಉಪಚುನಾವಣೆ ನಡೆಸಬೇಕೆಂಬ ಕಟ್ಟುಪಾಡು ಕಾಯ್ದೆಯಲ್ಲಿ ಇಲ್ಲ.

ಈಗ ನಕ್ಷೆಯ ಕಡೆಗೆ. ಇಂದಿನ ಬೆಂಗಳೂರು ದಕ್ಷಿಣದ ಲೋಕಸಭಾ ಸಂಖ್ಯೆ 26. ಅದರೊಳಗಿನ ಎಂಟು ವಿಧಾನಸಭಾ ಕ್ಷೇತ್ರಗಳು: 166 ಗೋವಿಂದರಾಜನಗರ, 167 ವಿಜಯನಗರ, 169 ಚಿಕ್ಕಪೇಟೆ, 170 ಬಸವನಗುಡಿ, 171 ಪದ್ಮನಾಭನಗರ, 172 ಬಿ.ಟಿ.ಎಂ. ಲೇಔಟ್, 173 ಜಯನಗರ, 175 ಬೊಮ್ಮನಹಳ್ಳಿ. ನಡುವೆ ಬಿಟ್ಟುಹೋದ 168 (ಚಾಮರಾಜಪೇಟೆ), 174 (ಮಹದೇವಪುರ) ಎರಡೂ ಬೆಂಗಳೂರು ಕೇಂದ್ರದ್ದು. ಎಕ್ಸೆಲ್‌ನಲ್ಲಿ 166ರಿಂದ 173ರವರೆಗೆ ಎಳೆದರೆ ಸಾಲು ಎಂಟೇ ಬರುತ್ತದೆ, ಲೆಕ್ಕ ಸರಿಹೋಯಿತೆಂದು ಅನಿಸುತ್ತದೆ. ಚಾಮರಾಜಪೇಟೆ ಒಳಗೆ ಬಂದು ಬೊಮ್ಮನಹಳ್ಳಿ ಹೊರಗೆ ಉಳಿದಿರುತ್ತದೆ. ಕೇಂದ್ರದ ಪಟ್ಟಿಯಲ್ಲಿ ಮಹದೇವಪುರ ತಪ್ಪಿದರಂತೂ ಫಲಿತಾಂಶವೇ ತಲೆಕೆಳಗು: 2024ರಲ್ಲಿ ಪಿ.ಸಿ. ಮೋಹನ್ ಗೆದ್ದ ಅಂತರ 32,707, ಮಹದೇವಪುರವೊಂದರಲ್ಲೇ ಅವರಿಗೆ ಸಿಕ್ಕ ಮುನ್ನಡೆ 1,14,000 ದಾಟಿತ್ತು. ಇನ್ನೊಂದು ಸಣ್ಣ ವಿಷಯ. ನಮೂನೆ 20ರಲ್ಲಿನ (ಚುನಾವಣೆಯ ಅಂತಿಮ ಫಲಿತಾಂಶ ಪಟ್ಟಿ) ಎಂಟು ಕ್ಷೇತ್ರಗಳ ಮತ ಕೂಡಿದರೂ ಘೋಷಿತ ಒಟ್ಟು ಮೊತ್ತ ಬರುವುದಿಲ್ಲ. ಅಂಚೆ ಮತಗಳನ್ನು ಲೋಕಸಭಾ ಕ್ಷೇತ್ರದ ಮಟ್ಟದಲ್ಲೇ ಎಣಿಸಿ ಕೊನೆಗೆ ಸೇರಿಸುತ್ತಾರೆ.

ಇನ್ನು 176ರ ಕಥೆ. ಆ ವಿಧಾನಸಭಾ ಕ್ಷೇತ್ರದ ಹೆಸರೇ ‘ಬೆಂಗಳೂರು ದಕ್ಷಿಣ’, ಆದರೆ ಅದು ಇರುವುದು ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರದಲ್ಲಿ. 2025ರ ಮೇ ತಿಂಗಳಲ್ಲಿ ರಾಮನಗರ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಎಂದು ಹೆಸರಿಟ್ಟರು. ಅದರ ರಾಮನಗರ, ಚನ್ನಪಟ್ಟಣ, ಮಾಗಡಿ, ಕನಕಪುರ ಕ್ಷೇತ್ರಗಳೂ ಗ್ರಾಮಾಂತರಕ್ಕೇ ಮತ ಹಾಕುವವು. ಹಾಗಾದರೆ ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ? ನಾಲ್ಕೂ ಚಿಕ್ಕಬಳ್ಳಾಪುರ ಲೋಕಸಭೆಗೆ. ಗ್ರಾಮಾಂತರ ಜಿಲ್ಲೆಯ ಒಂದೂ ವಿಧಾನಸಭಾ ಕ್ಷೇತ್ರ ಗ್ರಾಮಾಂತರ ಲೋಕಸಭಾ ಕ್ಷೇತ್ರದಲ್ಲಿಲ್ಲ! 2025ರ ಸೆಪ್ಟೆಂಬರ್‌ನಿಂದ ‘ಬೆಂಗಳೂರು ದಕ್ಷಿಣ ನಗರ ಪಾಲಿಕೆ’ಯೂ ಬಂದಿದೆ. ದಕ್ಷಿಣ ಲೋಕಸಭೆಯ ಚಿಕ್ಕಪೇಟೆ ಕೇಂದ್ರ ಪಾಲಿಕೆಗೆ, ವಿಜಯನಗರ ಪಶ್ಚಿಮ ಪಾಲಿಕೆಗೆ ಹೋಗಿವೆ. ‘ಬೆಂಗಳೂರು ದಕ್ಷಿಣದಲ್ಲಿ ಅಪಘಾತ’ ಎಂಬ ತಲೆಬರಹ ಓದಿದವರು ಬಿಡದಿಯೋ ಬನಶಂಕರಿಯೋ ಎಂದು ಊಹಿಸುತ್ತ ಕೂರಬೇಕು.

ತಮ್ಮದು ಯಾವ ಕ್ಷೇತ್ರವೆಂದು ಖಚಿತ ಮಾಡಿಕೊಳ್ಳಲು ಪಿನ್‌ಕೋಡನ್ನೋ ಪಾಲಿಕೆಯ ಹೆಸರನ್ನೋ ನಂಬಬಾರದು. ಮತದಾರರ ಪಟ್ಟಿಯ ನಿಮ್ಮ ಭಾಗದ ಮೊದಲ ಪುಟದಲ್ಲಿ ವಿಧಾನಸಭಾ ಕ್ಷೇತ್ರ, ಅದು ಸೇರಿದ ಲೋಕಸಭಾ ಕ್ಷೇತ್ರ ಎರಡರದೂ ಸಂಖ್ಯೆ ಮತ್ತು ಹೆಸರು ಇರುತ್ತವೆ.

ಪತ್ರಿಕೆಗಳಲ್ಲಿ ನಮ್ಮ ಕೋರಿಕೆ ಎರಡು. ಸಂಸದರ ಪಟ್ಟಿ ಹಾಕುವಾಗ 1957, 1967, 1977, 2009ರ ಮುಂದೆ ಒಂದೊಂದು ಗೆರೆ ಎಳೆದು, ಆಗಿನ ಕ್ಷೇತ್ರದ ಹೆಸರನ್ನು ಇದ್ದಂತೆಯೇ ಮುದ್ರಿಸಿ. ‘ಬೆಂಗಳೂರು ದಕ್ಷಿಣ’ ಎಂದು ಬರೆದಾಗಲೆಲ್ಲ ಲೋಕಸಭೆಯೋ, ವಿಧಾನಸಭೆಯೋ, ಜಿಲ್ಲೆಯೋ, ಪಾಲಿಕೆಯೋ ಎಂಬ ಒಂದು ಪದ ಜೊತೆಗಿಡಿ. 2026ರ ನಂತರದ ಮೊದಲ ಜನಗಣತಿ ಮುಗಿದರೆ ಲೋಕಸಭಾ ಸ್ಥಾನಗಳ ಹಂಚಿಕೆಗೆ ಇರುವ ತಡೆ ತೆರವಾಗುತ್ತದೆ. ಆಗ ಗಡಿಗಳು ಮತ್ತೆ ಸರಿಯುತ್ತವೆ, 26 ಎಂಬ ಸಂಖ್ಯೆಯೂ ಬೇರೆ ಯಾವುದಾದರೂ ಕ್ಷೇತ್ರದ್ದಾಗಬಹುದು.

ಇಂತಿ,
ದಕ್ಷಿಣದ (ಲೋಕಸಭಾ ಕ್ಷೇತ್ರ) ಕೆಲವು ಮತದಾರರು,
ಬಸವನಗುಡಿ, ಬೆಂಗಳೂರು